ಆಪರೇಷನ್‌ಗೆ ಮುನ್ನ ತಾಯಿಯ ಇಷ್ಟಲಿಂಗ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಡೊಂಬಿವಲಿಯಿಂದ ಪ್ರಶ್ನೆ: ವಿಜಯಪುರದಿಂದ ಕರೆತಂದಿರುವ ನಮ್ಮ ತಾಯಿಯವರಿಗೆ ಮುಂಬಯಿಯ ಪರೇಲಿನ ಆಸ್ಪತ್ರೆಯೊಂದರಲ್ಲಿ ಮುಂದಿನ ವಾರ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಿದೆ. ಇಷ್ಟಲಿಂಗವನ್ನು ತೆಗೆಯಬೇಕೆಂದು ಕೇಳಿದಾಗಿನಿಂದ ಅವರಿಗೆ ಊಟ ಸೇರುತ್ತಿಲ್ಲ. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಏನು ಮಾಡಬಹುದು?

ಮುಲುಂಡಿನಿಂದ: ನಮ್ಮ ತಂದೆಯವರಿಗೂ ಇದೇ ಸಂಕಟ ಎದುರಾಗಿತ್ತು. ಹಿಂದಿನ ಸಂಜೆಯೇ ವಾರ್ಡಿನ ಹಿರಿಯ ಸಿಸ್ಟರ್ ಅವರನ್ನು ಕಂಡು, ಇದು ಒಡವೆಯಲ್ಲ, ದೀಕ್ಷೆಯಾದಂದಿನಿಂದ ಮೈಯಿಂದ ಅಗಲಿಸದ ದೈವವೆಂದು ವಿವರಿಸಿದೆ. ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣದಿಂದಾಗಿ, ಮೈಮೇಲೆ ಲೋಹವಿದ್ದರೆ ಸುಟ್ಟಗಾಯವಾಗುವ ಅಪಾಯವಿರುವುದರಿಂದ ಲಿಂಗವನ್ನಿಡುವ ಬೆಳ್ಳಿಯ ಕರಡಿಗೆಯನ್ನು ಒಳಗೆ ಬಿಡಲಾಗದೆಂದು ಅವರು ಸಮಾಧಾನದಿಂದ ತಿಳಿಸಿದರು. ಆದರೆ ಥಿಯೇಟರಿನ ಬಾಗಿಲಿನವರೆಗೆ ಧರಿಸಿರಲು ಒಪ್ಪಿದರು. ಅಲ್ಲಿ ತಂದೆಯವರೇ ಶಿವದಾರ ಬಿಚ್ಚಿ, ಮಡಿವಸ್ತ್ರದಲ್ಲಿ ಸುತ್ತಿ ನನ್ನ ಕೈಗಿತ್ತರು. ಎಚ್ಚರವಾದೊಡನೆ ಅವರ ಕೈ ಎದೆಯನ್ನು ತಡಕಾಡಿತು; ಅಷ್ಟರಲ್ಲಿ ಸಿಸ್ಟರ್ ನನ್ನನ್ನು ಒಳಗೆ ಕರೆಸಿದ್ದರು. ಬೇರೆ ಯಾರೋ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕುವುದಕ್ಕೂ, ತಾವೇ ಬಿಚ್ಚಿ ಮಕ್ಕಳ ಕೈಗೆ ಕೊಡುವುದಕ್ಕೂ ಅಜಗಜಾಂತರವಿದೆ. ತಾಯಿಯವರಿಗೆ ಈ ಅವಕಾಶವನ್ನು ಖಂಡಿತ ಕೇಳಿ ಪಡೆಯಿರಿ.

ಗೋರೆಗಾಂವ್‌ನಿಂದ, ನಿವೃತ್ತ ನರ್ಸ್: ಇಂಥ ಕೋರಿಕೆಯನ್ನು ನಡೆಸಿಕೊಡುವ ಮನಸ್ಸು ಹೆಚ್ಚಿನ ಸಿಬ್ಬಂದಿಗೆ ಇರುತ್ತದೆ, ಬಾಯಿಬಿಟ್ಟು ಕೇಳುವವರೇ ಕಡಿಮೆ. ವಾರ್ಡಿನಲ್ಲಿ ಆಕ್ಸಿಜನ್ ಇರುವುದರಿಂದ ದೀಪ, ಊದುಬತ್ತಿ ಹಚ್ಚುವಂತಿಲ್ಲ. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಧ್ಯಾನಿಸಲು ಸಾಮಾನ್ಯವಾಗಿ ಯಾರೂ ಅಡ್ಡಿಪಡಿಸುವುದಿಲ್ಲ.

ಆದರೆ ಊಟ ಸೇರದಿರುವುದಕ್ಕೆ ಇದೊಂದೇ ಕಾರಣವೆಂದು ದಯವಿಟ್ಟು ತೀರ್ಮಾನಿಸಬೇಡಿ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆಗಾಲದ ರೋಗಿಗಳ ಆರೈಕೆಯ ಮನೆ) ತೆರೆದ ಸಿಸಿಲಿ ಸಾಂಡರ್ಸ್, ರೋಗಿಯ ನೋವಿನಲ್ಲಿ ದೇಹದ ಬಾಧೆಯ ಜೊತೆಗೆ ಮನಸ್ಸಿನ ಕಳವಳ, ಸಂಸಾರದ ಚಿಂತೆ, ಆತ್ಮದ ತಳಮಳಗಳೂ ಬೆರೆತಿರುತ್ತವೆಂದು ವೈದ್ಯಲೋಕಕ್ಕೆ ಮನಗಾಣಿಸಿದರು. “ಯಾವ ಜನ್ಮದ ಪಾಪವೋ” ಎಂದು ಗೋಡೆಯ ಕಡೆ ಹೊರಳಿ ಮಲಗುವ ಹಿರಿಯರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಹಾಗೇನಿಲ್ಲವೆಂದು ಆ ಮಾತನ್ನು ಅಲ್ಲಿಗೇ ತುಂಡರಿಸದೆ, ಪಕ್ಕದಲ್ಲಿ ಕುಳಿತು ಅವರಿಗೆ ಯಾವುದರ ಭಯವಿದೆಯೆಂದು ಕೇಳಿ. ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ. ಕಳವಳ ತಗ್ಗದಿದ್ದರೆ, ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಅಥವಾ ನೋವು, ಕಳವಳಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯ ವೈದ್ಯರನ್ನು ಕಾಣಿರಿ. ಉಪಶಾಮಕ ಆರೈಕೆಯೆಂದರೆ ಕೊನೆಗಾಲದವರಿಗೆ ಮಾತ್ರವೆಂಬ ಹೆದರಿಕೆ ಬೇಡ. ಚಿಕಿತ್ಸೆಯ ಜೊತೆಜೊತೆಗೇ ಅದನ್ನು ಪಡೆಯಬಹುದು.

ವಾಶಿಯಿಂದ: ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಅತ್ತೆಯವರ ಹಾಸಿಗೆಯ ತಲೆದೆಸೆಯಲ್ಲಿ “ನೋವಿದೆ”, “ನೀರು ಕೊಡಿ”, “ಲಿಂಗ ಕೊಡಿ” ಎಂಬ ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಎದುರಿಗೆ ಮರಾಠಿ ಅರ್ಥವನ್ನೂ ಬರೆದು ಅಂಟಿಸಿದ್ದೆವು. ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ ಅದರಿಂದ ಬಹಳ ಅನುಕೂಲವಾಯಿತು.