ದಸರಾ ರಜೆಯ 10 ದಿನ, ಬೂಕರ್ ಪಟ್ಟಿಯ 13 ಪುಸ್ತಕ: ಯಾವ ಕ್ರಮದಲ್ಲಿ ಓದಬೇಕು?

ಪ್ರಶ್ನೆ (ಕನ್ನಡ ಉಪನ್ಯಾಸಕಿ, ಹಾಸನ)

ಈ ರಜೆಯಲ್ಲಿ ಮನೆಯವರೆಲ್ಲ ಊರಿಗೆ ಹೋಗುವುದರಿಂದ ನನಗೆ ಸುಮಾರು 10 ದಿನ ಪೂರ್ಣ ಬಿಡುವು ಸಿಗಲಿದೆ. ಇಂಗ್ಲಿಷಿಗೆ ಅನುವಾದಗೊಂಡ ಕೃತಿಗಳಿಗೆ ಕೊಡುವ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ 2025ರ ದೀರ್ಘಪಟ್ಟಿಯಲ್ಲಿದ್ದ 13 ಪುಸ್ತಕಗಳನ್ನು ಆಗ ಓದಬೇಕೆಂದಿದ್ದೇನೆ. ನಮ್ಮೂರಿನ ಬಾನು ಮುಷ್ತಾಕ್ ಮತ್ತು ಅವರ ಅನುವಾದಕಿ ದೀಪಾ ಭಾಸ್ತಿ ಅವರಿಗೆ 'ಹಾರ್ಟ್ ಲ್ಯಾಂಪ್' ಕಥಾಸಂಕಲನಕ್ಕಾಗಿ ಮೇ 20ರಂದು ಪ್ರಶಸ್ತಿ ಬಂದಾಗ ಎಲ್ಲರಂತೆ ನಾನೂ ಸಂಭ್ರಮಿಸಿದೆ. ಆದರೆ ಆ ಕತೆಗಳು ಎಂಥ ಪುಸ್ತಕಗಳ ನಡುವೆ ನಿಂತು ಗೆದ್ದವು ಎಂಬುದನ್ನು ತಿಳಿಯದೆ ಪಟ್ಟ ಸಂಭ್ರಮ ಅರ್ಧದ್ದೇ ಎಂದು ಈಗ ಅನ್ನಿಸುತ್ತಿದೆ. ಇಷ್ಟನ್ನು 10 ದಿನಗಳಲ್ಲಿ ಓದಿ ಮುಗಿಸಲು ಸಾಧ್ಯವೇ? ಬಾನು ಅವರ ಕತೆಗಳನ್ನು ಕನ್ನಡದಲ್ಲೇ ಓದಿಕೊಂಡಿರುವ ನಾನು 'ಹಾರ್ಟ್ ಲ್ಯಾಂಪ್' ಅನ್ನು ಇಂಗ್ಲಿಷಿನಲ್ಲಿ ಮತ್ತೆ ಓದುವ ಅಗತ್ಯವಿದೆಯೇ? ಓದುವುದಾದರೆ ಮೊದಲು ಓದಲೋ, ಕೊನೆಗೆ ಓದಲೋ?

ಉತ್ತರ 1 (ಓದುಗ, ಧಾರವಾಡ)

ಸಾಧ್ಯವಿದೆ ಮೇಡಂ, ಒಂದನ್ನು ಬದಿಗಿಟ್ಟರೆ. ಪಟ್ಟಿಯ 11 ಪುಸ್ತಕಗಳು 250 ಪುಟಗಳ ಒಳಗಿನವು. ರುಮೇನಿಯಾದ ಮಿರ್ಚಾ ಕರ್ತರೆಸ್ಕು ಅವರ 'ಸೊಲೆನಾಯ್ಡ್' ಮಾತ್ರ 600 ಪುಟಗಳನ್ನು ದಾಟುತ್ತದೆ. ಬುಕಾರೆಸ್ಟಿನ ಶಾಲಾ ಮೇಷ್ಟ್ರೊಬ್ಬರ ಒಳಲೋಕಕ್ಕೆ ನಿಧಾನವಾಗಿ ಇಳಿಯುವ ಆ ಕಾದಂಬರಿಗೆ ಬೇರೆಯೇ ಒಂದು ರಜೆ ಬೇಕು.

ನಾನು ಬೇಸಿಗೆಯಲ್ಲಿ ಈ ಪಟ್ಟಿಯನ್ನು ಓದಿದಾಗ ಮೊದಲು ಕೈಗೆತ್ತಿಕೊಂಡದ್ದು ವ್ಯಾಂಸಾಂ ದೆಲೆಕ್ರುವಾ ಅವರ 'ಸ್ಮಾಲ್ ಬೋಟ್' ಎಂಬ ಫ್ರೆಂಚ್ ಕಾದಂಬರಿಯನ್ನು. 2021ರ ನವೆಂಬರಿನಲ್ಲಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ ಹೊರಟಿದ್ದ ವಲಸಿಗರ ದೋಣಿ ಇಂಗ್ಲಿಷ್ ಕಾಲುವೆಯಲ್ಲಿ ಮುಳುಗಿ 27 ಜನ ಸತ್ತರು. ಆ ರಾತ್ರಿ ನೆರವು ಬೇಡಿ ಬಂದ ಕರೆಗಳಿಗೆ ಉತ್ತರಿಸಿದ ಉದ್ಯೋಗಿಯೊಬ್ಬಳನ್ನು ಲೇಖಕರು ಕಲ್ಪಿಸಿಕೊಂಡು, ಅವಳ ಬಾಯಿಂದಲೇ ಕತೆ ಹೇಳಿಸುತ್ತಾರೆ. ಅವಳನ್ನು ದ್ವೇಷಿಸಲು ಸಿದ್ಧನಾಗಿ ಕುಳಿತಿದ್ದ ನನಗೆ ಅವಳ ಸಮಜಾಯಿಷಿಗಳು ನನ್ನವೇ ಎಂಬಂತೆ ಕೇಳಿಸತೊಡಗಿದಾಗ ಪುಸ್ತಕ ಮುಚ್ಚಿ ಅಂಗಳಕ್ಕೆ ಎದ್ದು ಹೋದೆ. ಅದನ್ನು ಓದಿದ ದಿನ ಇನ್ನೊಂದನ್ನು ಮುಟ್ಟಬೇಡಿ.

ಜಪಾನಿನ ಸಾವೋ ಇಚಿಕಾವಾ ಅವರ 'ಹಂಚ್‌ಬ್ಯಾಕ್' ಒಂದು ಮಧ್ಯಾಹ್ನದ ಓದು. ಸ್ವತಃ ಸ್ನಾಯುರೋಗದೊಂದಿಗೆ ಬದುಕುತ್ತಿರುವ ಲೇಖಕಿ ಅದರಲ್ಲಿ ಕೇಳುವ ಪ್ರಶ್ನೆ ನಮ್ಮಂಥ ಪುಸ್ತಕಪ್ರಿಯರನ್ನು ನೇರವಾಗಿ ತಟ್ಟುತ್ತದೆ: ಪುಸ್ತಕವನ್ನು ಹಿಡಿಯುವುದು, ಪುಟ ತಿರುಗಿಸುವುದು, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂರುವುದು ಎಲ್ಲರ ದೇಹಕ್ಕೂ ಸಾಧ್ಯವೆಂದು ನಾವು ಯಾಕೆ ನಂಬಿದ್ದೇವೆ? ಕಾಗದದ ವಾಸನೆಯನ್ನು ಹೊಗಳಿ ಹಿಂದೆ ನಾನೇ ಬರೆದಿದ್ದ ಪುಟ್ಟ ಪ್ರಬಂಧವೊಂದು ಆಗ ನೆನಪಾಗಿ ಮನಸ್ಸಿಗೆ ಕಸಿವಿಸಿಯಾಯಿತು.

ಉತ್ತರ 2 (ಅನುವಾದಕಿ, ಶಿವಮೊಗ್ಗ)

'ಹಾರ್ಟ್ ಲ್ಯಾಂಪ್' ಅನ್ನು ಖಂಡಿತ ಓದಿ, ಮೊದಲೂ ಅಲ್ಲ, ಕೊನೆಗೂ ಅಲ್ಲ. ಅದರಲ್ಲಿರುವುದು 1990ರಿಂದ 2023ರವರೆಗೆ ಬರೆದ 12 ಕತೆಗಳು. ರಾತ್ರಿಗೆ ಒಂದೋ ಎರಡೋ ಕತೆಯಂತೆ, ಕನ್ನಡ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ಶೀರ್ಷಿಕೆಯನ್ನೇ ನೋಡಿ. 'ಎದೆಯ ಹಣತೆ' ಎಂಬಲ್ಲಿ ಹಣತೆಯೆಂದರೆ ಮಣ್ಣಿನದು, ಅಂಗೈಯಲ್ಲಿ ಹಿಡಿಸುವಂಥದ್ದು, ಗಾಳಿಗೆ ಕೈ ಅಡ್ಡ ಹಿಡಿಯದಿದ್ದರೆ ಆರಿಹೋಗುವಂಥದ್ದು. 'ಲ್ಯಾಂಪ್' ಎಂಬ ಪದದಲ್ಲಿ ಆ ಮಣ್ಣೂ ಇಲ್ಲ, ಆ ಆತಂಕವೂ ಇಲ್ಲ. ಆದರೆ ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಮಗಳು ತಡೆಯುವ ಪುಟಗಳಿಗೆ ಬಂದಾಗ, ಕಳೆದುಹೋಯಿತೆಂದು ನಾನು ಭಾವಿಸಿದ್ದ ಹಣತೆ ಅಲ್ಲಿ ಉರಿಯುತ್ತಿರುವುದನ್ನು ಕಂಡೆ. ಭಾಸ್ತಿ ಅವರು ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರಗಳಲ್ಲಿ ಬೇರ್ಪಡಿಸಿಲ್ಲ, ಅಡಿಟಿಪ್ಪಣಿಗಳನ್ನೂ ಹಾಕಿಲ್ಲ. ಇಂಗ್ಲಿಷ್ ಓದುಗರೇ ನಮ್ಮ ಮಾತಿನ ಕಡೆಗೆ ನಾಲ್ಕು ಹೆಜ್ಜೆ ನಡೆದು ಬರಲಿ ಎಂಬ ಆ ನಿಲುವು ನನಗೆ ಬಹಳ ದೊಡ್ಡದೆನಿಸುತ್ತದೆ.

ಈ ಪಟ್ಟಿಯಲ್ಲಿ ಮೂಲ ಮತ್ತು ಅನುವಾದ ಎರಡನ್ನೂ ನಮ್ಮಂಥವರು ತೂಗಿ ನೋಡಬಹುದಾದ ಪುಸ್ತಕ ಇದೊಂದೇ. ಇಲ್ಲಿ ಏನು ಉಳಿದಿದೆ, ಏನು ಹೊಸದಾಗಿ ಹುಟ್ಟಿದೆ ಎಂದು ಗಮನಿಸುತ್ತ ಹೋದರೆ, ಡೇನಿಷ್, ಜಪಾನಿ, ಇಟಾಲಿಯನ್ ಪುಸ್ತಕಗಳ ಹಿಂದೆಯೂ ನಮಗೆ ಕಾಣದ ಒಂದು ಹಣತೆ ಇದ್ದೀತೆಂಬ ಎಚ್ಚರ ಮೂಡುತ್ತದೆ. 50,000 ಪೌಂಡಿನ ಬಹುಮಾನವನ್ನು ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚುವ ನಿಯಮದ ನ್ಯಾಯ ನನಗೆ ನಿಜವಾಗಿ ಅರ್ಥವಾದದ್ದು ಹೀಗೆ ಓದಿದಾಗಲೇ.

ಉತ್ತರ 3 (ಕನ್ನಡಿಗ, ಲಂಡನ್)

ಅಂತಿಮ ಸುತ್ತಿನ ಆರು ಪುಸ್ತಕಗಳ ಕಿರುಪಟ್ಟಿಗೆ ಬಾರದೆ ಉಳಿದ ಏಳು ಪುಸ್ತಕಗಳನ್ನು ದಯವಿಟ್ಟು ಹಿಂದಕ್ಕೆ ಹಾಕಬೇಡಿ. ಸುರಿನಾಮಿನ ಆಸ್ಟ್ರಿಡ್ ರೂಮರ್ ಅವರ 'ಆನ್ ಎ ವುಮನ್ಸ್ ಮ್ಯಾಡ್ನೆಸ್' ಡಚ್ ಭಾಷೆಯಲ್ಲಿ ಪ್ರಕಟವಾದದ್ದು 1982ರಲ್ಲಿ. ಈ ಪಟ್ಟಿಗೆ ಬರಲು ಅದಕ್ಕೆ 43 ವರ್ಷ ಬೇಕಾಯಿತು. ಮದುವೆಯಾದ ಒಂಬತ್ತೇ ದಿನಕ್ಕೆ ಹಿಂಸಿಸುವ ಗಂಡನನ್ನು ಬಿಟ್ಟು ಹೊರಡುವ ಅದರ ನಾಯಕಿಯನ್ನು ಬಾನು ಅವರ ಹೆಣ್ಣುಗಳ ಪಕ್ಕದಲ್ಲಿ ನಿಲ್ಲಿಸಿ ಓದಿ. ಇಬ್ತಿಸಾಮ್ ಅಝೆಮ್ ಅವರ 'ದಿ ಬುಕ್ ಆಫ್ ಡಿಸ್‌ಅಪಿಯರೆನ್ಸ್' ಎಂಬ ಅರಬ್ಬಿ ಕಾದಂಬರಿಯಲ್ಲಿ ಒಂದು ಬೆಳಗ್ಗೆ ಪ್ಯಾಲೆಸ್ತೀನಿಯರೆಲ್ಲರೂ ಕಾಣೆಯಾಗಿರುತ್ತಾರೆ. ಕಿರುಪಟ್ಟಿಯಲ್ಲಿ ಅದಿಲ್ಲದ್ದು ನನಗೆ ಇವತ್ತಿಗೂ ಬೇಸರವೇ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಕೃತಜ್ಞತೆಗಳು. 'ಸೊಲೆನಾಯ್ಡ್' ಬೇಸಿಗೆ ರಜೆಗೆ ಉಳಿಯಲಿ. ಹಗಲಿಗೆ ರೂಮರ್ ಅವರಿಂದ ಆರಂಭಿಸುತ್ತೇನೆ, ರಾತ್ರಿಗೆ 'ಎದೆಯ ಹಣತೆ'ಯನ್ನು ಎರಡೂ ಭಾಷೆಗಳಲ್ಲಿ ಓದುತ್ತೇನೆ. ಬಾನು ಅವರ ಕನ್ನಡ ಸಂಕಲನವನ್ನು ವಿದ್ಯಾರ್ಥಿನಿಯೊಬ್ಬಳು ಒಯ್ದಿದ್ದಾಳೆ; ರಜೆಗೆ ಮುಂಚೆ ತಂದುಕೊಡಲು ಇವತ್ತೇ ಹೇಳಿದ್ದೇನೆ.