ಪದಚರ್ಚೆ: ‘ಪಿಗ್ಮೆಂಟ್’ ಮತ್ತು ‘ಡೈ’ ಎರಡಕ್ಕೂ ‘ವರ್ಣದ್ರವ್ಯ’ ಸಾಕೇ?

ಬಣ್ಣಗಳ ರಸಾಯನಶಾಸ್ತ್ರದ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಪಿಗ್ಮೆಂಟ್’ ಮತ್ತು ‘ಡೈ’ ಎರಡಕ್ಕೂ ‘ವರ್ಣದ್ರವ್ಯ’ ಎಂದೇ ಬಳಸುವುದುಂಟು. ಪೇಂಟಿನ ವಿಚಾರಕ್ಕೆ ಬಂದರೆ ಇದು ಸಾಲದು ಎಂದು ನನ್ನ ಅಭಿಪ್ರಾಯ. ಡೈ ನೀರಿನಲ್ಲೋ ಬೇರೆ ದ್ರಾವಕದಲ್ಲೋ ಕರಗಿ ನೂಲಿನೊಳಕ್ಕೆ ಇಳಿಯುತ್ತದೆ. ಪಿಗ್ಮೆಂಟ್ ಕರಗದೆ, ನುಣ್ಣನೆಯ ಕಣಗಳಾಗಿ ಎಣ್ಣೆಯಲ್ಲೋ ರಾಳದಲ್ಲೋ ಹರಡಿಕೊಂಡು, ಅದು ಒಣಗಿದಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕೆಮ್ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್ ಬೆಳಕಿನ ನೀಲಿ, ಹಸಿರು ಭಾಗಗಳನ್ನು ಹೀರಿಕೊಂಡು ಕೆಂಪನ್ನು ಹಿಂದಿರುಗಿಸುತ್ತದೆ. ಹಳದಿ ಮಣ್ಣಿನಲ್ಲಿರುವುದೂ ಕಬ್ಬಿಣವೇ, ಆದರೆ ನೀರಿನಂಶ ಕೂಡಿದ ರೂಪ. ಚೆನ್ನಾಗಿ ಕಾಯಿಸಿದರೆ ಆ ಅಂಶ ಹೋಗಿ ಅದೂ ಕೆಂಪಾಗುತ್ತದೆ. ಬಿಳಿಯ ಕತೆ ಬೇರೆ. ಬಿಳಿ ಪಿಗ್ಮೆಂಟ್ ಕಣ್ಣಿಗೆ ಕಾಣುವ ಬೆಳಕನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ, ಚದುರಿಸುತ್ತದೆ. ರಾಳದ ವಕ್ರೀಭವನ ಸೂಚ್ಯಂಕ (ಒಳಹೊಕ್ಕ ಬೆಳಕು ಎಷ್ಟು ಬಾಗುತ್ತದೆಂಬುದರ ಅಳತೆ) ಸುಮಾರು 1.5, ಬಿಳಿ ಪಿಗ್ಮೆಂಟಾದ ಟೈಟಾನಿಯಂ ಡೈಆಕ್ಸೈಡಿನದು ಸುಮಾರು 2.7, ಈ ಅಂತರ ದೊಡ್ಡದಾದ್ದರಿಂದಲೇ ತೆಳುವಾದ ಪದರವೂ ಹಳೆಯ ಗೋಡೆಯನ್ನು ಮರೆಮಾಡುತ್ತದೆ. ಸುಣ್ಣ ಹೊಡೆದ ಗೋಡೆ ಹಸಿಯಿದ್ದಾಗ ಮಂಕಾಗಿದ್ದು, ಒಣಗಿದ ಮೇಲೆ ಬೆಳ್ಳಗಾಗುವುದನ್ನು ನೋಡದವರಿಲ್ಲ: ಕಣಗಳ ಸುತ್ತ ನೀರಿದ್ದ ಕಡೆ ಗಾಳಿ ತುಂಬಿಕೊಂಡು ಅಂತರ ಹೆಚ್ಚಾಗುವುದೂ ಅದಕ್ಕೊಂದು ಕಾರಣ. ಕಣವು ಕರಗಿಹೋದರೆ ಇದಾವುದೂ ನಡೆಯದು.

ಆದ್ದರಿಂದ ಪದದಲ್ಲೂ ಈ ಭೇದ ಕಾಣಬೇಕು. ‘ದ್ರವ್ಯ’ವನ್ನು ‘ದ್ರವ’ವೆಂದು ಓದಿಕೊಳ್ಳುವ ವಿದ್ಯಾರ್ಥಿಗಳಿದ್ದಾರೆ, ಕರಗದ ಪುಡಿಯ ಮಟ್ಟಿಗೆ ಅದು ತೀರ ತಪ್ಪು ಚಿತ್ರ. ಡೈಗೆ ಹಿಂದಿಯವರಂತೆ ‘ರಂಜಕ’ ಎನ್ನೋಣವೆಂದರೆ, ನಮ್ಮಲ್ಲಿ ಅದು ಫಾಸ್ಫರಸ್ಸಿನ ಹೆಸರು. ಪಿಗ್ಮೆಂಟುಗಳಿಗಾದರೆ ಇಂಗಳೀಕ (ಕೆಂಪು), ಹರಿದಾಳ (ಹಳದಿ), ಕಾವಿ, ಕಾಡಿಗೆ ಎಂದು ಒಂದೊಂದಕ್ಕೂ ಒಳ್ಳೆಯ ಹೆಸರುಗಳಿವೆ. ಇವನ್ನೆಲ್ಲ ಒಟ್ಟಾಗಿ ಕರೆಯುವ, ಎಲ್ಲರೂ ಒಪ್ಪಿದ ಪದ ಮಾತ್ರ ನನಗೆ ಕಾಣುತ್ತಿಲ್ಲ.

‘ವರ್ಣದ್ರವ್ಯ’ವನ್ನು ಎರಡಕ್ಕೂ ಸಲ್ಲುವ ಸಾಮಾನ್ಯ ಪದವಾಗಿ ಉಳಿಸಿಕೊಂಡು, ಪಿಗ್ಮೆಂಟಿಗೆ ‘ವರ್ಣಕ’ ಅಥವಾ ‘ಬಣ್ಣದ ಹುಡಿ’, ಡೈಗೆ ‘ಅದ್ದುಬಣ್ಣ’ ಎನ್ನಬಹುದೇ? ಹಾಗೆಂದರೆ, ಕರಗದ ನೀಲಿಯನ್ನು ಅಪಕರ್ಷಿಸಿ (ಎಲೆಕ್ಟ್ರಾನು ಸೇರಿಸುವ ‘ರಿಡಕ್ಷನ್’ ಕ್ರಿಯೆ), ಕರಗಿಸಿ, ಬಟ್ಟೆಯನ್ನು ಅದ್ದಿ, ಗಾಳಿಗೆ ಹಿಡಿದು ಮತ್ತೆ ಕರಗದಂತೆ ಮಾಡುವ ಇಂಡಿಗೊವನ್ನು ಯಾವ ಪದದಡಿ ಸೇರಿಸಬೇಕು? ನೇಕಾರಿಕೆಯ ಬಣ್ಣಗಾರರೂ ಚಿತ್ರಕಾರರೂ ದಿನನಿತ್ಯ ಆಡುವ ಪದಗಳು ತಿಳಿದಿದ್ದರೆ, ಅವು ಯಾವ ಸೀಮೆಯವೆಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.