ಮೆಂತ್ಯ ಹೂ ಬಿಟ್ಟಿದೆ, ಕಿತ್ತು ಹಾಕಲಾ ಕಾಳಿಗೆ ಬಿಡಲಾ?

ಕೊಪ್ಪಳದ ಹಿತ್ತಲು:
ದೀಪಾವಳಿ ಆದ ಮೇಲೆ ಹಿತ್ತಲಲ್ಲಿ ಎರಡು ಮಡಿ ಮೆಂತ್ಯ ಹಾಕಿದ್ದೆ. ಎರೆ ಮಣ್ಣು. ಅಡುಗೆಮನೆ ಡಬ್ಬಿಯ ಕಾಳನ್ನೇ ಚೆಲ್ಲಿದ್ದು, ಚೆನ್ನಾಗಿ ಹುಟ್ಟಿತು. ಎಳ್ಳಮಾವಾಸ್ಯೆವರೆಗೂ ಜೋಳದ ರೊಟ್ಟಿ ಜೊತೆ ಹಸಿ ಸೊಪ್ಪು ತಿಂದೆವು. ಈಗ ಒಂದು ಮಡಿ ತುಂಬ ಹೂ. ಸೊಪ್ಪು ಗಡುಸಾಗಿದೆ, ಕಹಿಯೂ ಜಾಸ್ತಿ. ಕೆಳಗಿನ ಎಲೆಗಳ ಮೇಲೆ ಬಿಳಿ ಪುಡಿ ಕಾಣುತ್ತಿದೆ. ಮನೆಯವರು ಕಿತ್ತು ಹಾಕು ಅಂತಾರೆ, ನನಗೆ ಮನಸ್ಸಿಲ್ಲ. ಮನೆ ಕಾಳು ಮಾಡಿಕೊಳ್ಳಬಹುದಾ? ಇನ್ನೊಂದು ಮಡಿಯ ಸೊಪ್ಪು ಒಣಗಿಸಿದರೆ ಕಸೂರಿ ಮೇಥಿ ಆಗುತ್ತಾ?

ಬಳ್ಳಾರಿ ಅಡುಗೆಮನೆ:
ಆಗಲ್ಲ ಅಕ್ಕಾ. ಕಸೂರಿ ಬೇರೆಯೇ ಜಾತಿ. ಅದರ ಎಲೆ ಸಣ್ಣದು, ಹೂ ಹಳದಿ. ರಾಜಸ್ಥಾನದ ನಾಗೌರ್ ಕಡೆ ಬೆಳೆಯುತ್ತಾರೆ. ನಮ್ಮ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ, ಬೇಳೆಗೆ ಚೆನ್ನಾಗಿರುತ್ತೆ. ಆ ಘಮ ಮಾತ್ರ ಬರಲ್ಲ.

ಮಸ್ಕಿ ಹೊಲ:
ದಯವಿಟ್ಟು ಕೀಳಬೇಡಿ ಅಕ್ಕಾರೆ. ಮೆಂತ್ಯಕ್ಕೆ ಬೇಕಾದ್ದೇ ಈ ಚಳಿ. ನಮ್ಮ ಕಡೆ ಬೇಸಿಗೆಯಲ್ಲಿ ಸೊಪ್ಪು ಹೇಗೋ ಬರುತ್ತೆ, ಕಾಳು ಕಟ್ಟಿಸೋದು ಕಷ್ಟ. ಹೂವಿನ ಮಡಿಯನ್ನು ಹಾಗೇ ಬಿಡಿ. ಆ ಬಿಳಿ ಪುಡಿ ಬೂದಿ ರೋಗ. ಹತ್ತಿದ ಎಲೆಗಳನ್ನು ಚಿವುಟಿ ದೂರ ಹಾಕಿ. ನೀರು ಬುಡಕ್ಕೆ ಮಾತ್ರ. ಎರೆ ಮಣ್ಣಲ್ವಾ, ನೀರು ನಿಂತರೆ ಬೇರು ಕೊಳೆಯುತ್ತೆ. ಮೇಲಿನ ಪದರ ಒಣಗಿದ ಮೇಲೆ ಕೊಟ್ಟರೆ ಸಾಕು.

ಹೂ ಉದುರಿದ ಮೇಲೆ ಬೆರಳುದ್ದದ ತೆಳ್ಳನೆ ಕಾಯಿ ಬರುತ್ತೆ. ಸಣ್ಣ ಕುಡುಗೋಲಿನ ಹಾಗೆ ಬಾಗಿರುತ್ತೆ, ತುದಿ ಚೂಪು. ಒಂದೊಂದರಲ್ಲಿ 10ರಿಂದ 20 ಕಾಳು. ಬಿತ್ತಿದ ಮೇಲೆ ಕಾಳು ಬಲಿಯೋಕೆ ಮೂರು ತಿಂಗಳ ಮೇಲೇ ಬೇಕು, ನಿಮ್ಮದು ಶಿವರಾತ್ರಿ ಹೊತ್ತಿಗೆ ಆಗಬಹುದು. ಎಲೆ ಉದುರಿ ಕಾಯಿ ಹಳದಿಗೆ ತಿರುಗಿದಾಗ ಬೆಳಗಿನ ತಂಪಲ್ಲೇ ಕೊಯ್ಯಿರಿ. ಬಿಸಿಲೇರಿದರೆ ಕಾಯಿ ಒಡೆದು ಕಾಳು ಮಣ್ಣುಪಾಲು.

ಇನ್ನೊಂದು ಮಾತು. ಬೇರು ಸಮೇತ ಕೀಳಬೇಡಿ, ಬುಡಕ್ಕೆ ಕೊಯ್ಯಿರಿ. ಬೇಕಿದ್ದರೆ ಒಂದು ಗಿಡ ಅಗೆದು ತೊಳೆದು ನೋಡಿ, ಬೇರಲ್ಲಿ ಸಣ್ಣ ಸಣ್ಣ ಗಂಟು ಕಾಣುತ್ತವೆ. ತೊಗರಿ, ಕಡಲೆ ಕುಲದ್ದೇ ಇದು. ಆ ಗಂಟುಗಳಲ್ಲಿ ಗಾಳಿಯ ಸಾರಜನಕ ಸೇರಿರುತ್ತೆ. ಬೇರು ಮಣ್ಣಲ್ಲೇ ಉಳಿದರೆ ಮುಂದಿನ ಬದನೆಗೋ ಮೆಣಸಿನಗಿಡಕ್ಕೋ ಗೊಬ್ಬರ. ಸುಮ್ನೆ ಯಾಕೆ ಕಳೆದುಕೊಳ್ಳಬೇಕು?

ಕೊಪ್ಪಳದ ಹಿತ್ತಲು:
ತುಂಬಾ ಉಪಕಾರ ಅಣ್ಣಾ, ಬಿಡ್ತೀನಿ. ಮನೆ ಕಾಳು ಬಂದರೆ ಮೊದಲು ಉಪ್ಪಿನಕಾಯಿಗೇ. ಅಂಗಡಿ ಕಾಳು ಹುರಿದಾಗಲೆಲ್ಲ ಪುಡಿ ಕಹಿ ಆಗುತ್ತೆ, ಕಾಳಿನ ದೋಷವಾ?

ಬಳ್ಳಾರಿ ಅಡುಗೆಮನೆ:
ಕಾಳಿನದಲ್ಲ, ಉರಿಯದು. ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಣ್ಣೆ ಬೇಡ. ಕೈ ಬಿಡದೆ ಆಡಿಸಿ. ಹಳದಿ ಹೋಗಿ ತುಸು ಕೆಂಪಾಗಿ ಘಮ ಬಂದ ತಕ್ಷಣ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಕರಕಾಗುತ್ತೆ, ಕಹಿ ಬರೋದು ಅಲ್ಲೇ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ.